ಗೇಟು ತೆಗೆದರು

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಕರಿಯಣ್ಣ ರೈಲು ಹಳಿಯ ಈ ಬದಿಯ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಆ ಬದಿಯಲ್ಲಿ ಅವರ ಅಕ್ಕ ರಂಗಮ್ಮ ತೋಟದ ಮನೆಗೆ ಬೀಗ ಹಾಕಿ, ಸಾಮಾನನ್ನು ಇಂದ್ರೇಶನ ಆಟೊಗೆ ಏರಿಸುತ್ತಿದ್ದರು. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿರುವ ಮಗಳ ಮನೆಗೆ ಅವರು ಹೊರಟಿದ್ದರು, ಇನ್ನು ಅಲ್ಲೇ ಇರುವುದಕ್ಕೆ. ಅಕ್ಕ ತಮ್ಮನ ನಡುವೆ ಎರಡು ಜೊತೆ ಹಳಿ ಮತ್ತು ಎರಡು ಸಾಲು ಆಳೆತ್ತರದ ಕಬ್ಬಿಣದ ಬೇಲಿ. ಪಕ್ಕದ ಕೆಳಸೇತುವೆಯಲ್ಲಿ ಹಿಂದಿನ ದಿನದ ಮಳೆಯ ನೀರು ಎದೆಮಟ್ಟ ನಿಂತಿತ್ತು. ಕರಿಯಣ್ಣನಿಗೆ ಅರವತ್ತೇಳು ವರ್ಷ, ಈಜು ಬಾರದು.

ಅರಸೀಕೆರೆ ಪಟ್ಟಣ ಮುಗಿದು, ಹಳೇಬೀಡಿನ ಕಡೆ ಹೋಗುವ ರಸ್ತೆ ಹಳಿಯನ್ನು ದಾಟುವ ಈ ಜಾಗದಲ್ಲಿ ಮೊದಲು ರೈಲ್ವೆ ಗೇಟಿತ್ತು. ಕರಿಯಣ್ಣನ ಮನೆ ಗೇಟಿನ ಈಚೆ, ತೆಂಗಿನ ತೋಟ ಆಚೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದ ಅಕ್ಕನಿಗೆ ಅವರು ತೋಟದಲ್ಲಿ ಮನೆ ಕಟ್ಟಿಸಿಕೊಟ್ಟಿದ್ದರು. ಬೆಳಿಗ್ಗೆ ಪೇಟೆಯ ಕೆಲಸ ಮುಗಿಸಿ, ಮಧ್ಯಾಹ್ನ ಟಿವಿಎಸ್ ಹತ್ತಿ ತೋಟಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಮುದ್ದೆ ಉಣ್ಣುವುದು ಮೂವತ್ತು ವರ್ಷಗಳ ರೂಢಿ. ತಮ್ಮ ಬರುವವರೆಗೆ ರಂಗಮ್ಮ ಉಣ್ಣುತ್ತಿರಲಿಲ್ಲ. ಟಿವಿಎಸ್ ಸದ್ದು ಕೇಳಿದ ಮೇಲೆ ಎಸರಿಗೆ ಹಿಟ್ಟು ಹಾಕುವುದು ಆಗದ ಮಾತು, ಅಂದಾಜಿನ ಮೇಲೆ ಮುದ್ದೆ ತೊಳಸಿಟ್ಟಿರುತ್ತಿದ್ದರು. ತಮ್ಮ ತಡ ಮಾಡಿದರೆ ಮುದ್ದೆ ಆರಿ ಹೋಗುತ್ತಿತ್ತು.

ತಡ ಆಗುತ್ತಿದ್ದದ್ದು ರೈಲಿನಿಂದಲ್ಲ. ಇದನ್ನು ಮೊದಲು ಗಮನಿಸಿದವರು ಕರಿಯಣ್ಣನೇ ಎಂದು ಹೇಳಲಾರೆ, ಆದರೆ ಅದಕ್ಕೆ ಏನಾದರೂ ಮಾಡಿದವರು ಅವರೊಬ್ಬರೇ. ಗೇಟು ಬಿದ್ದೊಡನೆ ಬಸ್ಸು, ಲಾರಿ ಎಡಕ್ಕೆ ನಿಲ್ಲುತ್ತಿದ್ದವು. ಬೇಲೂರು, ಹಳೇಬೀಡು ನೋಡಲು ಹೊರಟ ಕಾರುಗಳು ಅವುಗಳ ಬಲಕ್ಕೆ ನುಗ್ಗಿ ಗೇಟಿನ ಮೂತಿಗೆ ಬರುತ್ತಿದ್ದವು. ಬೈಕುಗಳು ಉಳಿದ ಸಂದು ತುಂಬುತ್ತಿದ್ದವು. ಆಚೆ ಬದಿಯಲ್ಲೂ ಅಷ್ಟೇ. ರೈಲು ಹೋಗಿ ಗೇಟು ಎದ್ದಾಗ ಎರಡು ಹಿಂಡು ವಾಹನಗಳು ಟಗರುಗಳ ಹಾಗೆ ಮುಖಾಮುಖಿ ನಿಂತಿರುತ್ತಿದ್ದವು. ಯಾರೂ ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರುವವರಿಲ್ಲ.

ಒಂದು ದಿನ ಕರಿಯಣ್ಣ ತೋಟದಿಂದ ಉದುರಿದ ತೆಂಗಿನ ಗರಿಗಳನ್ನು ಎಳೆದು ತಂದು, ರಸ್ತೆಯ ನಡುಮಧ್ಯೆ ಒಂದರ ಹಿಂದೊಂದು ಮಲಗಿಸಿದರು. ಹಳಿಯ ಎರಡೂ ಬದಿಗೆ. ಗರಿ ದಾಟಿ ಬಲಕ್ಕೆ ಬಂದ ಗಾಡಿಯ ಮುಂದೆ ಟವೆಲ್ ಬೀಸುತ್ತಾ ನಿಂತರು.

"ಯಾರ್ರೀ ನೀವು? ಪೊಲೀಸಾ?" ಎಂದು ಬೆಂಗಳೂರಿನ ಕಾರಿನವನೊಬ್ಬ ಕೇಳಿದ.

"ಅಲ್ಲ ಸ್ವಾಮಿ, ಹೊಟ್ಟೆ ಹಸ್ದಿರೋನು. ನೀವು ಎಡಕ್ಕೆ ಹೋದ್ರೆ ನಂಗೆ ಊಟ ಸಿಗ್ತದೆ."

ಅವನು ನಕ್ಕು ಕಾರನ್ನು ಹಿಂದಕ್ಕೆ ತೆಗೆದ. ಎಲ್ಲರೂ ನಗಲಿಲ್ಲ. ಬೈದವರಿದ್ದರು, ಬೇಕೆಂದೇ ಗರಿಯ ಮೇಲೆ ಹತ್ತಿಸಿದವರಿದ್ದರು. ಪುಡಿಯಾದ ಗರಿಗೆ ಕರಿಯಣ್ಣ ಮಾರನೆಯ ದಿನ ಬೇರೆ ಗರಿ ತರುತ್ತಿದ್ದರು, ತೆಂಗಿನ ತೋಟದಲ್ಲಿ ಅದಕ್ಕೇನು ಬರ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ದಿನಾ ಓಡಾಡುವ ಬಸ್ಸಿನವರು, ಆಟೊದವರು ತಾವಾಗಿಯೇ ಸಾಲು ಹಿಡಿಯತೊಡಗಿದರು. ಗೇಟು ಎದ್ದರೆ ರಸ್ತೆ ಹರಿಯುತ್ತಿತ್ತು.

ಪಕ್ಕದ ಮನೆಯ ಹನುಮಯ್ಯ ರೇಗಿಸುತ್ತಿದ್ದರು. "ಏನ್ಲಾ ಕರಿಯ, ನಿನ್ನ ಮುದ್ದೆಗೋಸ್ಕರ ಊರ್ನೇ ಸಾಲಲ್ಲಿ ನಿಲ್ಸ್‌ಬಿಟ್ಯಲ್ಲೋ."

"ನಿಂಗೂ ಒಂದು ಮುದ್ದೆ ಹಾಕಿಸ್ತೀನಿ ಬಾರ್ಲಾ. ಎಡಗಡೆಯಿಂದ ಬಾ."

ಆಗ ಪಟ್ಟಣದ ರಸ್ತೆ ಸಂಚಾರ ಸುಧಾರಿಸಲು ಸಾರ್ವಜನಿಕರ ಸಲಹೆ ಕೇಳುತ್ತಾರೆಂದು ಶಾಲೆಯ ಮೈದಾನದಲ್ಲಿ ಒಂದು ಸಭೆ ನಡೆಯಿತು. ಒಬ್ಬರು ಸಿಗ್ನಲ್ ದೀಪ ಬೇಕೆಂದರು. ಒಬ್ಬರು ತಮ್ಮ ಅಂಗಡಿಯ ಮುಂದೆ ಹಂಪ್ ಬೇಕೆಂದರು. ಕರಿಯಣ್ಣನ ಕೈಗೆ ಮೈಕು ಬಂದಾಗ ಅವರು ಗರಿಯ ಉಪಾಯವನ್ನು ವಿವರಿಸಿದರು. ಅದರ ಜಾಗದಲ್ಲಿ ಸಿಮೆಂಟಿನ ಸಣ್ಣ ಕಟ್ಟೆ ಹಾಕಿಸಿಕೊಟ್ಟರೆ ಸಾಕು ಎಂದರು. ಬೇರೆ ಊರಿನಿಂದ ಬಂದಿದ್ದ ಅಧಿಕಾರಿ ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಒಂದು ಪ್ರಶ್ನೆಯನ್ನೂ ಕೇಳಿದರು, ಕರಿಯಣ್ಣ ಉತ್ತರ ಹೇಳಿದರು. ಅಷ್ಟಕ್ಕೇ ಮೈಕು ಕೊಟ್ಟು ಕೂತಿದ್ದರೆ ಚೆನ್ನಾಗಿತ್ತು. ಆದರೆ ಎದುರಿಗೆ ಇಡೀ ಊರು ಕೂತಿತ್ತು, ಧ್ವನಿ ಮೈದಾನದ ಆಚೆಗೂ ಕೇಳುತ್ತಿತ್ತು.

"ಇನ್ನೊಂದು ಮಾತು ಸ್ವಾಮಿ. ರೈಲು ಹೋಗಿ ಎಷ್ಟೊತ್ತಾದ್ರೂ ಗೇಟ್ ತೆಗೆಯಕಿಲ್ಲ. ಅದನ್ನ ಬೇಗ ತೆಗೀಬೇಕು."

"ಗೇಟ್ ತೆಗೀಬೇಕು ಅಂತೀರಿ."

"ಹೂಂ ಸ್ವಾಮಿ. ತಡ ಮಾಡ್ದಂಗೆ ತೆಗೀಬೇಕು."

ಅಧಿಕಾರಿ ಸಭೆಯ ಕಡೆ ತಿರುಗಿದರು. "ಎಲ್ಲರ ಅಭಿಪ್ರಾಯ ಇದೇನಾ? ಗೇಟ್ ತೆಗೆಯೋದಕ್ಕೆ ಯಾರದಾದರೂ ಆಕ್ಷೇಪಣೆ ಇದೆಯಾ?"

"ತೆಗೀರಿ, ತೆಗೀರಿ!" ಎಂದು ಜನ ಕೂಗಿದರು.

"ಇವ್ನ ಮುದ್ದೆ ಆರೋದ್ರೊಳ್ಗೆ ತೆಗೀರಿ ಸ್ವಾಮಿ!" ಎಂದು ಹನುಮಯ್ಯ ಹಿಂದಿನಿಂದ ಕೂಗಿದರು. ಮೈದಾನವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು.

ನಾವು ಬಾಗಿಲನ್ನೂ ತೆಗೆಯುತ್ತೇವೆ, ಹೊಲದ ಕಳೆಯನ್ನೂ ತೆಗೆಯುತ್ತೇವೆ. ಮಾತು ಒಂದೇ. ಬಾಗಿಲು ತೆಗೆದರೆ ಅದು ಅಲ್ಲೇ ಇರುತ್ತದೆ. ಕಳೆ ತೆಗೆದರೆ ಇರುವುದಿಲ್ಲ. ಊರಿನವರು ಬಾಗಿಲಿನ ಲೆಕ್ಕದಲ್ಲಿ ಹೇಳಿದರು, ಅಧಿಕಾರಿ ಕಳೆಯ ಲೆಕ್ಕದಲ್ಲಿ ಕೇಳಿಸಿಕೊಂಡರು. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಇದ್ದಿದ್ದರೆ ಕರಿಯಣ್ಣನಿಗೆ ಬೈಯುವುದಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಮುಂದಿನ ವರ್ಷ ಗೇಟಿನ ಪಕ್ಕದಲ್ಲಿ ಹಳಿಯ ಕೆಳಗೆ ಅಗೆಯತೊಡಗಿದಾಗ, ಊರಿಗೆ ಇನ್ನೊಂದು ದಾರಿ ಆಗುತ್ತಿದೆ ಎಂದು ಎಲ್ಲರಿಗೂ ಸಂತೋಷವಾಯಿತು. ಒಂದು ದಿನ ಬೆಳಿಗ್ಗೆ ಗ್ಯಾಸ್ ಕಟರ್ ಹಿಡಿದ ಆಳುಗಳು ಬಂದರು. ಗೇಟ್‌ಮನ್ ದೇವೇಂದ್ರ ಓಡಿ ಬಂದು, "ಕರಿಯಣ್ಣ, ಗೇಟ್ ತೆಗೀತಾ ಅವ್ರೆ!" ಎಂದ.

"ತೆಗೀಲಿ ಬಿಡು. ಈಗ್ಯಾವ ರೈಲೂ ಇಲ್ವಲ್ಲ."

"ಅಯ್ಯೋ, ತೆಗ್ದು ಲಾರಿಗೆ ತುಂಬ್ತಾ ಅವ್ರೆ ಕಣಣ್ಣ!"

ಕರಿಯಣ್ಣ ಸಭೆ ನಡೆಸಿದವರ ಕಚೇರಿಗೆ ಹೋದರು. ಅಲ್ಲಿದ್ದವರು ಸಿಡುಕಲಿಲ್ಲ. ಕೂರಿಸಿ, ಸಭೆಯ ವಿಡಿಯೊ ತೋರಿಸಿದರು. ಮೈಕು ಹಿಡಿದ ಕರಿಯಣ್ಣ, 'ತಡ ಮಾಡ್ದಂಗೆ ತೆಗೀಬೇಕು' ಎನ್ನುತ್ತಿದ್ದರು. ಹಿಂದಿನಿಂದ ಹನುಮಯ್ಯನ ಕೂಗೂ ಕೇಳುತ್ತಿತ್ತು.

"ಇದು ನೀವೇ ತಾನೇ ಯಜಮಾನ್ರೇ?"

"ನಾನೇ ಸ್ವಾಮಿ," ಎಂದು ಹೇಳಿ ಎದ್ದು ಬಂದರು.

ಸಂಚಾರ ಸುಧಾರಿಸಿತು, ಅದು ಸುಳ್ಳಲ್ಲ. ದೂರದಲ್ಲಿ ಹಳಿಯ ಮೇಲೆ ಹಾದ ಮೇಲ್ಸೇತುವೆ ಹತ್ತಿ ಹೋಗುವ ಕಾರುಗಳು ಈಗ ಎಲ್ಲೂ ನಿಲ್ಲುವುದಿಲ್ಲ. ಕೆಳಸೇತುವೆ ಉಳಿದದ್ದು ಅಕ್ಕಪಕ್ಕದವರಿಗೆ, ಅದೂ ಒಣಗಿದ್ದಾಗ. ಕೆರೆಯ ಕಾಲುವೆ ಹತ್ತಿರವೇ ಇರುವುದರಿಂದ ಒಂದು ಮಳೆಯ ನೀರು ಇಳಿಯುವಷ್ಟರಲ್ಲಿ ಇನ್ನೊಂದು ಮಳೆ ಬರುತ್ತಿತ್ತು. ನೀರಿದ್ದಾಗ ಕರಿಯಣ್ಣ ಮೇಲ್ಸೇತುವೆ ಸುತ್ತಿ ತೋಟಕ್ಕೆ ಹೋದರು. ಅದರ ಏರಿನಲ್ಲಿ ಪಕ್ಕದಿಂದ ಹಾದ ಲಾರಿಯ ಗಾಳಿಗೆ ಟಿವಿಎಸ್ ವಾಲಿ, ಬಿದ್ದು ಅವರ ಮಣಿಕಟ್ಟು ಮುರಿಯಿತು. ಸೊಸೆ ಲಾವಣ್ಯ ಕೀಲಿಯನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟಳು. "ಮಾವ, ಊಟ ಮನೇಲೇ ಮಾಡಿ. ನಾನು ಮಾಡಿದ ಮುದ್ದೆ ಅಷ್ಟೊಂದು ಕೆಟ್ಟದಾಗಿರುತ್ತಾ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕರಿಯಣ್ಣ ಮತ್ತೆ ಕೀಲಿ ಕೇಳಲಿಲ್ಲ.

ಡೇರಿ, ಆಸ್ಪತ್ರೆ, ರೇಷನ್ ಅಂಗಡಿ ಎಲ್ಲ ಈಚೆ ಬದಿಯಲ್ಲಿದ್ದವು. ಆಚೆ ಒಬ್ಬರೇ ಉಳಿದ ರಂಗಮ್ಮ ಈ ಮಳೆಗಾಲದಲ್ಲಿ ಎರಡು ದಿನ ಜ್ವರದಲ್ಲಿ ಮಲಗಿದ್ದರು, ತಮ್ಮನಿಗೆ ಗೊತ್ತಾದದ್ದು ಮೂರನೆಯ ದಿನ. ಗೆಂಡೆಹಳ್ಳಿಯ ಮಗಳು ಹೇಮಾಶ್ರೀ ಆಟೊ ಗೊತ್ತುಮಾಡಿ ಕಳುಹಿಸಿದಳು.

ಬೇಲಿಯ ಈಚೆಯಿಂದ ಕರಿಯಣ್ಣ ಕೂಗಿದರು. "ಅಕ್ಕಾ, ಇನ್ನೊಂದು ನಾಕು ದಿನ ಇರು. ನೀರು ಇಳೀತದೆ."

"ಇಳೀತದೆ, ತಿರ್ಗಾ ಬತ್ತದೆ. ಕಾಯ್ಕಂಡು ಕೂರಾಕೆ ನಾನೇನು ಕಪ್ಪೆನೇನೋ?"

"ಉಂಡ್ಯಾ?"

"ಎಲ್ಲಿ ಉಣ್ಣೋದು! ಒಬ್ಳಿಗೆ ಅಂತ ಎಸರಿಡಾಕೆ ಮನ್ಸು ಬರಕಿಲ್ಲ ಕಣೋ. ನೀನು?"

"ನಂದೂ ಇಲ್ಲ."

ರಂಗಮ್ಮ ಬೇಲಿಯ ಹತ್ತಿರ ಬಂದರು. "ನೀನೇ ತೆಗೆಸ್ದಲ್ಲೋ ಗೇಟ್ನ. ಬಿಸಿ ಮುದ್ದೆ ಬೇಕು ಅಂತ."

ಕರಿಯಣ್ಣ ಏನೋ ಹೇಳಿದರು. ಅಷ್ಟರಲ್ಲಿ ಬೀರೂರಿನ ಕಡೆಯಿಂದ ಗೂಡ್ಸ್ ರೈಲು ಬಂದು ಮಾತನ್ನು ನುಂಗಿತು. ಡಬ್ಬಿಗಳು ಒಂದೊಂದಾಗಿ ಹಾದುಹೋದವು. ಸಂದುಗಳಲ್ಲಿ ಅಕ್ಕನ ಸೀರೆಯ ಬಣ್ಣ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಕೊನೆಯ ಡಬ್ಬಿ ಹೋದಾಗ ಬೀಗ ಹಾಕಿದ ಮನೆ ಇತ್ತು, ಹಳೇಬೀಡಿನ ರಸ್ತೆಯಲ್ಲಿ ಆಟೊದ ಹೊಗೆ ಇತ್ತು. ಕರಿಯಣ್ಣ ಬೇಲಿಯನ್ನು ಬಿಡಲಿಲ್ಲ. ಗೇಟು ಏಳಲಿ ಎಂದು ಕಾಯುವವರ ಹಾಗೆ, ರಸ್ತೆಯ ಎಡಬದಿಗೇ ನಿಂತಿದ್ದರು.

ಅಂದು ಸಭೆಯಲ್ಲಿ ಅಧಿಕಾರಿ ಕೇಳಿದ ಪ್ರಶ್ನೆ ಇಷ್ಟೇ: ಎಲ್ಲರೂ ಸಾಲು ಹಿಡಿದರೆ, ರೈಲು ಹೋದ ಮೇಲೆ ಆಚೆ ಸೇರಲು ಎಷ್ಟು ಹೊತ್ತು ಬೇಕು? ಕರಿಯಣ್ಣ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದ್ದರು: "ಎರಡೇ ನಿಮಿಷ ಸ್ವಾಮಿ."