ಬಾಲ ಯಾವ ಕಡೆಗೆ?

ಸತ್ತಿ ಊರಿನ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಯಾವ ಮಾತಿಗೂ ಮೊದಲು "ಕಂಡಷ್ಟ ಹೇಳ್ತೀನ್ರಿ" ಎನ್ನುತ್ತಿದ್ದರು. ಒಂದು ವರ್ಷ ಬಂದ ಧೂಮಕೇತುವನ್ನು ಅವರು ದಿನಾ ನಸುಕಿನಲ್ಲಿ ನೋಡುತ್ತಿದ್ದರು. ಕೆಲವು ದಿನ ಸೂರ್ಯನ ಬೆಳಕಿನಲ್ಲಿ ಮರೆಯಾದ ಅದು, ಮತ್ತೆ ಸಂಜೆ ಪಡುವಣದಲ್ಲಿ ಕಂಡಾಗ ಬಾಲ ಉದ್ದವಾಗಿತ್ತು.

ರೈಲಿನ ಹೊಗೆಯಂತೆ ಬಾಲ ಯಾವಾಗಲೂ ಹಿಂದೆಯೇ ಇರುತ್ತದೆಂದು ನಾನು ಶಾಲೆಯಲ್ಲಿ ಕಲಿಸಿದ್ದೆ. ಒಂದು ಸಂಜೆ ಹೊಳೆದಂಡೆಯಲ್ಲಿ ಅವರಿಗೂ ಅದನ್ನೇ ಹೇಳಿದೆ.

ಅವರು ಕೋಲೆತ್ತಿ ತೋರಿಸಿದರು. "ಇಲ್ರಿ ಮಾಸ್ತರ. ಆಗ ಮುಂಜಾನಿ ನೋಡಿದಾಗೂ, ಈಗೂ, ಬಾಲ ಸೂರ್ಯಾನಿಂದ ದೂರನ ಚಾಚೇತಿ. ಈಗದು ಸೂರ್ಯಾನ ಬಿಟ್ಟು ದೂರ ಹೊಂಟೈತಿ, ಬಾಲ ಮುಂದನ ಐತಿ."

ಮನೆಗೆ ಬಂದು ಪುಸ್ತಕ ತೆರೆದು ನೋಡಿದೆ. ಅವರ ಮಾತೇ ಸರಿಯಾಗಿತ್ತು.

ಮರುದಿನ ಅವರನ್ನು ತರಗತಿಗೆ ಕರೆತಂದು, ಮಕ್ಕಳೆದುರು ನನ್ನ ತಪ್ಪು ಒಪ್ಪಿಕೊಂಡು, ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆ. ಅವರು ನಡುವೆ ಸೂರ್ಯನನ್ನು ಬರೆದು, ಸುತ್ತ ಐದು ಕಡೆ ಧೂಮಕೇತು ಬರೆದರು. ಒಂದು ಬಾಲವೂ ತಪ್ಪಿರಲಿಲ್ಲ.