ಉಪ್ಪುನೀರಿನ ತೂಕ

ಮೇಡಂ ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಸೋಲ್ಡರಿಂಗ್ ಮಾಡುವಾಗ ಸುಟ್ಟ ಕಪ್ಪು ಗುರುತೊಂದಿತ್ತು. ಆ ಬೆರಳು ಮೇಲೆದ್ದರೆ ನಮ್ಮ ಲೆಕ್ಕದಲ್ಲಿ ಎಲ್ಲೋ ಹುಳುಕಿದೆ ಎಂದೇ ಅರ್ಥ. ಕುಮಟಾದ ಕಾಲೇಜೊಂದರಲ್ಲಿ ಅವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆ; ನಾನು ಹೊಸ ಉಪನ್ಯಾಸಕಿ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುವಾಗ ಅವರೊಬ್ಬರೇ "ಎಂತಕ್ಕೆ?" ಎನ್ನುತ್ತಿದ್ದರು.

ನಮ್ಮಲ್ಲಿ ಕಂಪಿಸುವ ಸ್ಫಟಿಕದ ಬಿಲ್ಲೆಯೊಂದಿತ್ತು. ಅದರ ಮೈಗೆ ಕಣ್ಣಿಗೆ ಕಾಣದಷ್ಟು ಏನು ಅಂಟಿದರೂ ಕಂಪನ ನಿಧಾನವಾಗುತ್ತದೆ. ಅದರಿಂದ ತೂಕ ತಿಳಿಯುತ್ತದೆ. ಗಾಳಿಯಲ್ಲಿ ಬಲು ಪ್ರಾಮಾಣಿಕ. ನೀರಿಗಿಳಿದರೆ ನೂರೆಂಟು ನೆಪ: ಗುಳ್ಳೆಯೊಂದು ಕೂತರೂ ಸುಳ್ಳು, ನೀರು ತುಸು ಬಿಸಿಯಾದರೂ ಸುಳ್ಳು.

ಹೊಳೆ ಸಮುದ್ರ ಸೇರುವ ತದಡಿಯ ನೀರಿನಲ್ಲಿ ಸೀಸ ಇದೆಯೇ ಎಂದು ನೋಡಲು, ಸೀಸವನ್ನು ಹಿಡಿಯುವ ಲೇಪ ಹಚ್ಚಿ ಬಿಲ್ಲೆಯನ್ನು ಇಳಿಸಿದೆ. ಕಂಪನ ಒಮ್ಮೆಲೇ ಕುಸಿಯಿತು. ಸೀಸ ಇದೆಯೆಂದು ಹಿಗ್ಗಿ ವರದಿ ಬರೆದೆ. ಅದು ಹೊರಬಿದ್ದರೆ ಅಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ನಿಲ್ಲುತ್ತಿತ್ತು. ಆ ಚಿಪ್ಪುಗಳನ್ನೇ ಮಾರಿ ಬದುಕುವ ಹೆಂಗಸರ ಒಲೆ ಆರುತ್ತಿತ್ತು. ಪ್ರಿನ್ಸಿಪಾಲರಿಗೆ ಪೇಪರಿನಲ್ಲಿ ಕಾಲೇಜಿನ ಹೆಸರು ಬರಲೆಂಬ ಆತುರ. ಮೇಡಂ ಸಹಿ ಹಾಕಲಿಲ್ಲ.

"ಹೋಲಿಸೂಕೆ ನೀರು ಯಾವಾಗ ತಂದಿದ್ದು?" ಎಂದು ನನ್ನನ್ನು ಕೇಳಿದರು.

"ಇಳಿತದಲ್ಲಿ, ದಂಡೆಯಿಂದ."

"ಪರೀಕ್ಷೆ ನೀರು?"

"ಭರತದಲ್ಲಿ. ದೋಣಿ ಆಗ್ಲೇ ಅಲ್ದಾ ಮೇಡಂ ಹೋಗೂದು?"

"ಇಳಿತದಲ್ಲಿ ಹೊಳೆ ಸಪ್ಪೆ, ಭರತದಲ್ಲಿ ಸಮುದ್ರದ ಉಪ್ಪು. ಉಪ್ಪುನೀರು ಬಿಲ್ಲೆನ ಹಿಡಿದು ಎಳೀತದೆ ಮಾರಾಯ್ತಿ. ಅಂಟಿದ್ದು ಹೌದಾದ್ರೆ ತೊಳೆದ್ರೂ ಉಳೀಬೇಕು. ತೊಳೆ, ನೋಡ್ವ."

ಇಳಿತದ ನೀರನ್ನು ಹರಿಸಿದೆ. ಕಂಪನ ಇದ್ದಲ್ಲಿಗೇ ಮರಳಿತು. ಅದೇ ನೀರಿಗೆ ಭರತದಷ್ಟೇ ಉಪ್ಪು ಬೆರೆಸಿ ಬಿಟ್ಟರೆ ಮತ್ತೆ ಅದೇ ಕುಸಿತ. ಸೀಸವೆಂದು ನಾನು ತೂಗಿದ್ದು ಉಪ್ಪನ್ನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪ್ರಿನ್ಸಿಪಾಲರು ಜಗ್ಗಲಿಲ್ಲ. "ಕಾಲೇಜು ಕಮಿಟಿಯವ್ರಿಗೆ ಹೇಳಿ ಆತು. ಒಂದು ಸಹಿ ಹಾಕಿ, ಮುಂದಿಂದು ಮುಂದೆ."

"ಹಾಕೂದಿಲ್ಲ ಸರ್. ಬೇಕಾದ್ರೆ ಈ ಕುರ್ಚಿ ತಗೊಳ್ಳಿ. ವರದಿ ತಪ್ಪಾಗಿದ್ದು ನನ್ನಿಂದ ಅಂತ ಬರ್ಕೊಳ್ಳಿ."

ನಾನು ಪಕ್ಕದಲ್ಲೇ ನಿಂತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಬಾಯಿ ಬಿಡಲಿಲ್ಲ. ವರದಿ ಕಪಾಟು ಸೇರಿತು, ತಪ್ಪು ಮೇಡಂ ಹೆಸರಿನಲ್ಲಿ ದಾಖಲಾಯಿತು, ಅವರ ಕುರ್ಚಿ ಬೇರೆಯವರಿಗೆ ಹೋಯಿತು. ನಿವೃತ್ತಿಯವರೆಗೂ ಅವರು ಹಿಂದಿನ ಸಾಲಿನಲ್ಲಿ ಕೂತು, ಮೊದಲಿಗಿಂತ ಜೋರಾಗಿಯೇ ಪ್ರಶ್ನೆ ಕೇಳಿದರು. ನನ್ನನ್ನು ಒಂದು ದಿನವೂ ಚುಚ್ಚಲಿಲ್ಲ.

ಹೋದ ವರ್ಷ ತೀರಿಕೊಂಡರು. ಸಂತಾಪ ಸಭೆಯಲ್ಲಿ ಹಿರಿಯರೊಬ್ಬರು, "ದೊಡ್ಡ ವಿದ್ವಾಂಸೆ, ಒಂದು ವರದಿಯಲ್ಲಿ ಮಾತ್ರ ಎಡವಿದರು" ಎಂದರು.

ನಾನು ಎದ್ದು ನಿಂತೆ.

"ಅವ್ರು ಎಡವಲಿಲ್ಲ ಸರ್. ಆ ವರದಿ ಬರೆದವಳು ನಾನು."