ಬ್ರಾನ್‌ನ ಗೊರಸು ಮತ್ತು ಹೈಲ್ವೆನ್‌ಳ ಅಂಗೈ

ಕ್ವಮ್ ಹೆಲಿಗ್ ಎಂಬ ಕಣಿವೆಯ ಊರಿನ ಪ್ರಾರ್ಥನಾಮಂದಿರದ ಹಿಂದಿನ ಅಂಗಳಕ್ಕೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಲಾಳ ಕಟ್ಟುವ ಹೈಲ್ವೆನ್ ಜಾರ್ಮನ್ ಕೈಗವಸು ಕಳಚಿ, ಬೆರಳುಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ತಣ್ಣನೆಯ ಕೈ ಸೋಕಿದರೆ ಕುದುರೆ ಬೆಚ್ಚುತ್ತದೆ. ಬ್ರಾನ್ ಎಂಬ ಕರಿಯ ಗಿಡ್ಡಕುದುರೆ ಮುಂಗಾಲುಗಳನ್ನು ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದೆ. ಆಕೆ ಮಂಡಿಯೂರಿ ಗೊರಸನ್ನು ಮುಟ್ಟುತ್ತಾಳೆ. ಬಿಸಿ. ಗೆಣ್ಣಿನ ಹಿಂಬದಿಗೆ ಎರಡು ಬೆರಳಿಟ್ಟು ನಾಡಿ ಹುಡುಕುತ್ತಾಳೆ. ಆರೋಗ್ಯದ ಕುದುರೆಯಲ್ಲಿ ಅದು ಸಿಗುವುದೇ ಕಷ್ಟ, ಇಲ್ಲಿ ಬೆರಳನ್ನೇ ತಳ್ಳುತ್ತಿದೆ.

"ಏನೋ ಕಳ್ಳ, ಏನು ತಿಂದೆ?" ಎನ್ನುತ್ತಾಳೆ.

ಈ ಕಣಿವೆಯಲ್ಲಿ ಲಾಳದ ಕೆಲಸಕ್ಕೆ ಉಳಿದಿರುವವಳು ಇವಳೊಬ್ಬಳೇ. ಅಪ್ಪನಿಂದ ಸುತ್ತಿಗೆಯೂ ಸೊಂಟನೋವೂ ಬಂದವು ಎಂದು ನಗುತ್ತಾಳೆ. ವಸಂತದ ಸೊಂಪು ಹುಲ್ಲಿನಲ್ಲೂ ಶರತ್ಕಾಲದ ಇಬ್ಬನಿಯ ಹುಲ್ಲಿನಲ್ಲೂ ಸಕ್ಕರೆ ಹೆಚ್ಚು. ಕೊಬ್ಬಿದ ಗಿಡ್ಡಕುದುರೆಗಳಿಗೆ ಆಗ ಲ್ಯಾಮಿನೈಟಿಸ್ ಎಂಬ ಗೊರಸಿನ ರೋಗ ಬರುತ್ತದೆ. ಗೊರಸಿನ ಚಿಪ್ಪನ್ನು ಒಳಗಿನ ಮೂಳೆಗೆ ಹಿಡಿದಿಟ್ಟ ಪದರ ಸಡಿಲವಾಗುತ್ತದೆ. "ಉಗುರಿನಡಿ ಬಾವು ಬಂದ ಹಾಗೆ. ಆದ್ರೆ ಅದ್ರ ಮೇಲೇ ನಿಲ್ಲಬೇಕಲ್ಲ, ಪಾಪ."

ಎಕ್ಸ್‌ರೇ ತೆಗೆಸಿ ನೋಡಿದರೆ ಬ್ರಾನ್‌ನ ಮೂಳೆ ಆಗಲೇ ಸ್ವಲ್ಪ ವಾಲಿದೆ. ಇನ್ನಷ್ಟು ಇಳಿದರೆ ನೋವಿಲ್ಲದೆ ಶಾಶ್ವತವಾಗಿ ಮಲಗಿಸಿಬಿಡುವುದೇ ದಾರಿ ಎಂದು ಪಶುವೈದ್ಯರು ಮೆಲ್ಲಗೆ ಹೇಳಿದ್ದಾರೆ. ಮಂದಿರದ ಪಕ್ಕದಲ್ಲೇ ಮನೆಯಿರುವ ಒಡತಿ ಡಿಲಿಸ್ ಬೆಬ್‌ಗೆ ಕಾಲಲ್ಲಿ ಬಲವಿಲ್ಲ, ಹೆಚ್ಚು ದೂರ ನಡೆಯಲಾಗದು. ಬ್ರಾನ್ ಎಳೆಯುವ ಪುಟ್ಟ ಗಾಡಿಯಲ್ಲೇ ಆಕೆ ಊರು ಸುತ್ತುತ್ತಿದ್ದದ್ದು.

ವೈದ್ಯರೂ ಹೈಲ್ವೆನ್‌ಳೂ ಹೇಳಿದ್ದನ್ನೆಲ್ಲ ಡಿಲಿಸ್ ಮಾಡಿದ್ದಾರೆ. ಹುಲ್ಲುಗಾವಲು ಬಂದ್. ನಿಲ್ಲಲು ಮರದ ಹೊಟ್ಟಿನ ದಪ್ಪ ಹಾಸಿಗೆ. ಸಕ್ಕರೆ ಬಿಟ್ಟುಹೋಗಲಿ ಎಂದು ನೀರಲ್ಲಿ ನೆನೆಸಿದ ಒಣಹುಲ್ಲು. ಪಾದಕ್ಕೆ ಮೆತ್ತೆ, ವೈದ್ಯರ ಔಷಧ. ಆದರೂ ಇಳಿದ ನಾಡಿ ಸೋಮವಾರ ಬಂತೆಂದರೆ, ಇವತ್ತಿನ ಹಾಗೆ, ಮತ್ತೆ ಏರುತ್ತದೆ.

"ಭಾನುವಾರ ಏನು ಹಾಕ್ತೀರಿ, ಡಿಲಿಸ್?"

"ಅದೇ ಸಪ್ಪೆ ಹುಲ್ಲು ಕಣೇ. ನನ್ನ ಅಡುಗೆಗಿಂತ ಕೆಟ್ಟದಾಗಿದೆ."

ಹೈಲ್ವೆನ್ ಬ್ರಾನ್‌ನ ಮೂತಿಗೆ ಮೂಗು ಹಚ್ಚುತ್ತಾಳೆ. ಪುದೀನ ಪೆಪ್ಪರ್‌ಮಿಂಟಿನ ವಾಸನೆ. ಉಪದೇಶ ಉದ್ದವಾದಾಗ ಮಂದಿರದಲ್ಲಿ ಎಲ್ಲರೂ ಚೀಪುವುದು ಅದನ್ನೇ.

ಮುಂದಿನ ಭಾನುವಾರ ಸುಗ್ಗಿಯ ಕೃತಜ್ಞತಾ ಪ್ರಾರ್ಥನೆ. ವೇದಿಕೆಯ ಮುಂದೆ ಸೇಬು, ಗಜ್ಜರಿ, ರೊಟ್ಟಿ ಪೇರಿಸಿಡುವ ದಿನ. ಪ್ರಾರ್ಥನೆ ಮುಗಿದ ಮೇಲೆ ಹೈಲ್ವೆನ್ ಹಿಂಬಾಗಿಲಲ್ಲಿ ನಿಲ್ಲುತ್ತಾಳೆ. ಒಬ್ಬೊಬ್ಬರೇ ಬರುತ್ತಾರೆ, ಅತ್ತಿತ್ತ ನೋಡುತ್ತಾರೆ, ಜೇಬಿಗೆ ಕೈ ಹಾಕುತ್ತಾರೆ. ಮೊದಲು ಸಿಕ್ಕಿಬಿದ್ದವರು ಮಂದಿರದ ಹಿರಿಯ ಎಮ್ರಿಸ್.

"ಒಂದೇ ಒಂದು ಸೇಬು ಕಣಮ್ಮ. ಆ ಸಪ್ಪೆ ಹುಲ್ಲು ತಿನ್ನೋದು ನೋಡಿ ಹೊಟ್ಟೆ ಚುರ್ ಅಂತು."

"ನಿಮ್ಮದು ಒಂದೇ. ಹಿಂದೆ ತಿರುಗಿ ನೋಡಿ."

ಎಮ್ರಿಸ್ ತಿರುಗುತ್ತಾರೆ. ಒಬ್ಬರ ಹಿಂದೊಬ್ಬರು ಬಂದು ನಿಂತವರು ಸೇಬನ್ನೋ ಪೆಪ್ಪರ್‌ಮಿಂಟನ್ನೋ ಬೆನ್ನ ಹಿಂದೆ ಬಚ್ಚಿಡುತ್ತಾರೆ. ತಾನೊಬ್ಬನೇ ಕೊಡುತ್ತಿದ್ದೇನೆಂದು ಪ್ರತಿಯೊಬ್ಬರೂ ನಂಬಿದ್ದರು.

ಹೈಲ್ವೆನ್ ಯಾರನ್ನೂ ಬೈಯುವುದಿಲ್ಲ. ಮೈಯುಜ್ಜುವ ಬ್ರಷ್ಷನ್ನು ಎಮ್ರಿಸ್ ಕೈಗೆ ಕೊಡುತ್ತಾಳೆ. "ಬಾಯಿಗೆ ಬೇಡ, ಹೆಗಲಿಗೆ ಕೊಡಿ. ಇಲ್ಲಿ ಉಜ್ಜಿ, ಅವನ ತುಟಿ ನೋಡ್ತಿರಿ."

ಬ್ರಾನ್‌ನ ಮೇಲ್ತುಟಿ ಉದ್ದವಾಗಿ ಅದುರುತ್ತದೆ. ಎಮ್ರಿಸ್ ಮಗುವಿನ ಹಾಗೆ ನಗುತ್ತಾರೆ. "ಈ ಸೇಬು ಏನು ಮಾಡ್ಲಿ?"

"ಇತ್ತ ಕೊಡಿ. ಬೆಳಿಗ್ಗೆಯಿಂದ ನಾನೂ ಏನೂ ತಿಂದಿಲ್ಲ."

ಈಗ ಚಳಿಗಾಲ. ಎರಡನೇ ಎಕ್ಸ್‌ರೇಯಲ್ಲಿ ಮೂಳೆ ಇದ್ದಲ್ಲೇ ಇದೆ. ಗಾಡಿ ಯಾವಾಗ ಎಂದು ಡಿಲಿಸ್ ಕೇಳಿದರೆ ಹೈಲ್ವೆನ್ ಅಡ್ಡಡ್ಡ ತಲೆಯಾಡಿಸುತ್ತಾಳೆ. "ಈಗಲೇ ಆ ಮಾತು ಬೇಡ. ಹೊಸ ಗೊರಸು ಮೇಲಿಂದ ಕೆಳಗೆ ಬೆಳೀಬೇಕು. ವರ್ಷ ಹಿಡಿದ್ರೂ ಹಿಡೀಬಹುದು. ಹುಲ್ಲಿನ ಕಾಲಕ್ಕೆ ಹೆಚ್ಚು ಮೇಯದ ಹಾಗೆ ಬಾಯಿಗೆ ಬುಟ್ಟಿ ಕಟ್ಟಲೇಬೇಕು."

ಹೇಳುತ್ತಲೇ ಅರ ಹಿಡಿದು ಗೊರಸು ಉಜ್ಜಿ ಸಮ ಮಾಡಲು ಬಗ್ಗುತ್ತಾಳೆ. ಇಷ್ಟು ದಿನ ಒಂದು ಮುಂಗಾಲು ಎತ್ತಿದರೆ ಇನ್ನೊಂದರ ಮೇಲೆ ನಿಲ್ಲಲಾರದೆ ಬ್ರಾನ್ ಹಿಂದೆ ಸರಿಯುತ್ತಿತ್ತು. ಇಂದು ಅವಳ ಕೈ ತಾಗುವ ಮೊದಲೇ ಕಾಲೆತ್ತಿ ಅವಳ ಮಡಿಲಲ್ಲಿಡುತ್ತದೆ. ಹೈಲ್ವೆನ್ ಅರವನ್ನು ಮರೆತು ಸುಮ್ಮನೆ ಹಿಡಿದುಕೊಳ್ಳುತ್ತಾಳೆ.

"ಹುಡುಗಿಯಾಗಿದ್ದಾಗಿಂದ ಕುದುರೆ ಕಾಲು ಎತ್ತಿಸ್ತಾನೇ ಇದ್ದೀನಿ," ಎನ್ನುತ್ತಾಳೆ. "ತಾನಾಗಿ ಕೊಟ್ಟರೆ ಇವತ್ತಿಗೂ ಖುಷಿಯಾಗುತ್ತೆ."